ಮುಂದಿನ ಆವೃತ್ತಿಗೆ ಒಂದು ಅರ್ಜಿ

ಆ ದಿನ ಅಂಗಡಿಯಲ್ಲಿದ್ದವರು ನಾಲ್ಕು ಜನ. ಕಂಪ್ಯೂಟರಿನ ಮುಂದೆ, ನನ್ನದಲ್ಲದ ಕುರ್ಚಿಯಲ್ಲಿ ನಾನು. ಗೋಡೆ ಪಕ್ಕದ ಬೆಂಚಿನ ಮೇಲೆ ವೀರನಹೊಸಹಳ್ಳಿಯ ಜವರಮ್ಮ. ಅವರ ಮುಸುಕಿನ ಜೋಳದ ಹೊಲದಲ್ಲಿ ಆನೆಗಳು ಊಟ ಮುಗಿಸಿ ಹೋಗಿದ್ದವು, ಪರಿಹಾರದ ಅರ್ಜಿ ಬರೆಸಬೇಕಿತ್ತು. ಅವರ ಪಕ್ಕ ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಬೆಳೆಗಾರ ನಿಂಗೇಗೌಡರು; ಅರ್ಜಿ ಇರಲಿ ಇಲ್ಲದಿರಲಿ, ನಮ್ಮ ಬೆಂಚಿನ ಮೇಲೆ ಹತ್ತು ನಿಮಿಷ ಕೂರದಿದ್ದರೆ ಅವರಿಗೆ ಹುಣಸೂರಿಗೆ ಬಂದಂತೆಯೇ ಅಲ್ಲ. ಬಾಗಿಲ ಹತ್ತಿರ ನೆಲದ ಮೇಲೆ, ನಮ್ಮ ಹಳೆಯ ಪ್ರಿಂಟರಿನ ಹೊಟ್ಟೆ ಬಿಚ್ಚಿ ಹರಡಿಕೊಂಡು, ರಿಪೇರಿಯ ಇಮ್ತಿಯಾಜ್.

ಜವರಮ್ಮನವರ ಸರ್ವೆ ನಂಬರ್ ಹೊಡೆಯುತ್ತಿದ್ದೆ. ಪರದೆಯ ನಟ್ಟನಡುವೆ ಒಂದು ಚೌಕ ಎದ್ದು ನಿಂತಿತು. ಅದರೊಳಗೆ ಇಂಗ್ಲಿಷಿನಲ್ಲಿ ಏನೋ ಸಣ್ಣಕ್ಷರ. ನಾನು ಕಣ್ಣು ಕಿರಿದು ಮಾಡಿಕೊಂಡು ಮೇಜಿನ ಮೇಲೆ, ಕಾಗದದ ಕಟ್ಟಿನ ಕೆಳಗೆ, ಡ್ರಾಯರಿನೊಳಗೆ ಕೈಯಾಡಿಸತೊಡಗಿದೆ.

"ತಲೆ ಮೇಲಿದೆ ಚಿಕ್ಕಕ್ಕ," ಅಂದ ಇಮ್ತಿಯಾಜ್, ಪ್ರಿಂಟರಿನಿಂದ ಮುಖ ಎತ್ತದೆ.

ಕನ್ನಡಕ ತಲೆಯ ಮೇಲೇ ಇತ್ತು. ಅದು ನನಗೆ ಹೊಸ ನಂಟು. ಬಂದು ಎರಡು ವರ್ಷವಾಗಿದೆ, ಇನ್ನೂ ಒಬ್ಬರಿಗೊಬ್ಬರು ಹೊಂದಿಕೊಂಡಿಲ್ಲ. ಐವತ್ತೈದು ದಾಟುವವರೆಗೂ ಕನ್ನಡಕ ನಮ್ಮ ಅಕ್ಕನ ಸೊತ್ತು. ಅವಳ ಸೂಜಿಗೆ ದಾರ ಪೋಣಿಸಿಕೊಟ್ಟು, "ನೋಡು, ನನ್ನ ಕಣ್ಣು ಹೇಗಿದೆ" ಅಂತ ಜಂಬ ಕೊಚ್ಚಿಕೊಂಡವಳು ನಾನು. ಆಮೇಲೆ ಅಕ್ಕ ಹೋದಳು, ಅವಳ ಕಂಪ್ಯೂಟರಿನ ಮುಂದೆ ನಾನು ಕೂತೆ, ವರ್ಷ ತುಂಬುವುದರೊಳಗೆ ಜಂಬ ಇಳಿಯಿತು.

ಕನ್ನಡಕ ಇಳಿಸಿ ಓದಿದೆ. ಕಂಪ್ಯೂಟರನ್ನು ಎಬ್ಬಿಸಿ, ಮುಖ ತೊಳೆಸಿ, ಕೆಲಸಕ್ಕೆ ಹಚ್ಚುವ ಮೂಲ ವ್ಯವಸ್ಥೆಯೊಂದು ಅದರೊಳಗೆ ಇರುತ್ತದೆ. ಇಮ್ತಿಯಾಜ್ ಅದನ್ನು ಓಎಸ್ ಅನ್ನುತ್ತಾನೆ. ನನ್ನ ಪಾಲಿಗೆ ಅದು ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವ ಹೆಂಗಸಿನ ಹಾಗೆ. ಎದ್ದಿದ್ದಾಳೆ ಅನ್ನುವುದು ಯಾರ ಗಮನಕ್ಕೂ ಬರುವುದಿಲ್ಲ; ಏಳದ ದಿನ ಮನೆಯೇ ನಿಲ್ಲುತ್ತದೆ. ಅಂಥ ವ್ಯವಸ್ಥೆಯನ್ನು ತಯಾರಿಸುವವರು ಮುಂದಿನ ಆವೃತ್ತಿ ಹೇಗಿರಬೇಕು, ನಿಮ್ಮ ಆಸೆಗಳೇನು, ಬರೆದು ತಿಳಿಸಿ ಅಂತ ಕೇಳಿದ್ದರು. ಕೆಳಗೆ ಬರೆಯಲು ಒಂದು ಖಾಲಿ ಜಾಗ.

"ಏನಂತೆ ಕಣಕ್ಕ ಅದು?" ಅಂದರು ಜವರಮ್ಮ.

"ಕಂಪ್ಯೂಟರಿನವರು ಜವರಮ್ಮ. ಇದನ್ನ ಮುಂದೆ ಹೊಸದಾಗಿ ಮಾಡ್ತಾರಂತೆ. ಹೇಗಿರಬೇಕು ಅಂತ ಕೇಳ್ತಿದಾರೆ."

"ಯಾರನ್ನ ಕೇಳ್ತಾವ್ರೆ? ನಿನ್ನೊಬ್ಬಳನ್ನೆಯಾ, ನಮ್ಮನ್ನೂವೆಯಾ?"

"ಬಳಸೋರನ್ನೆಲ್ಲ."

"ಅಂಗಾರೆ ನಮ್ಮನ್ನೂ ಸೇರ್ಸಿ," ಅಂದರು ನಿಂಗೇಗೌಡರು, ಬೆಂಚಿನ ತುದಿಗೆ ಜರುಗುತ್ತ. "ಬರೀರಿ ಟೈಪಕ್ಕ. ಇಷ್ಟು ವರ್ಸ ನಾವಾಗಿ ಕೇಳ್ಕೊಂಡು ಬಂದಿದ್ದೇ ಆಯ್ತು. ಅವರಾಗಿ ಏನು ಬೇಕ್ರಪ್ಪಾ ಅಂದಿದ್ದು ಇದೇ ಮೊದ್ಲು."

ತಾಲ್ಲೂಕು ಕಚೇರಿಯ ಎದುರಿನ ಈ ಓಣಿಯಲ್ಲಿ ಮನುಷ್ಯನ ಆಸೆಗೆ ಇರುವುದು ಒಂದೇ ರೂಪ, ಅರ್ಜಿ. ಇವರಿಂದ, ಇವರಿಗೆ, ವಿಷಯ, ಮಾನ್ಯರೇ. ಆಸೆ ಎಷ್ಟೇ ಸಣ್ಣದಿರಲಿ, ಈ ನಾಲ್ಕು ಮೆಟ್ಟಿಲು ಹತ್ತಿಯೇ ಒಳಗೆ ಹೋಗಬೇಕು. ಮೂವತ್ತು ಚಿಲ್ಲರೆ ವರ್ಷ ಅಕ್ಕ ತಂಗಿ ಇಬ್ಬರೂ ಈ ಮೆಟ್ಟಿಲು ಕಟ್ಟುವ ಕೆಲಸವನ್ನೇ ಮಾಡಿದ್ದೇವೆ. ಮೊದಲು ಟೈಪಿಂಗ್ ಶಾಲೆ ಇತ್ತು, ಜೊತೆಗೆ ಅರ್ಜಿ ಬರೆಯುವುದು. ಶಾಲೆ ಮುಚ್ಚಿತು, ಅರ್ಜಿ ಉಳಿಯಿತು. ಹಾಗಾಗಿ ಆ ಚೌಕದವರು ಕೇಳಿದ್ದು ಅರ್ಜಿಯನ್ನೇ ಅನ್ನುವುದರಲ್ಲಿ ನಮ್ಮಲ್ಲಿ ಯಾರಿಗೂ ಅನುಮಾನ ಹುಟ್ಟಲಿಲ್ಲ. ನಾನು ಬೆನ್ನು ನೇರ ಮಾಡಿಕೊಂಡು ಶುರುಮಾಡಿಯೇಬಿಟ್ಟೆ.

ನನ್ನ ಒಂದು ದೌರ್ಬಲ್ಯವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನನಗೆ ವಾಕ್ಯ ಶುರು ಮಾಡಲು ಬರುತ್ತದೆ, ಮುಗಿಸಲು ಬರುವುದಿಲ್ಲ. ಚಿಕ್ಕಂದಿನಿಂದಲೂ ಹೀಗೆ. ಅಜ್ಜಿಯ ಮಡಿಲಲ್ಲಿ ಕೂತು ಮಾತು ಕಲಿತವಳಾದ್ದರಿಂದ ಮಾತಿಗೆ ಬರ ಇಲ್ಲ. ಆದರೆ ಅಜ್ಜಿ ಒಂದು ಕಥೆಯ ಬಾಲಕ್ಕೆ ಇನ್ನೊಂದನ್ನು ಕಟ್ಟುತ್ತಿದ್ದರೇ ಹೊರತು ಯಾವುದನ್ನೂ ಮುಗಿಸಿದ್ದು ನನಗೆ ನೆನಪಿಲ್ಲ. ಹಾಗೆ ನೇತಾಡುವ ನನ್ನ ವಾಕ್ಯಗಳನ್ನು ಹಿಡಿದು ಕೆಳಗಿಳಿಸುವ ಕೆಲಸ ಅಕ್ಕನದು. ಸಂತೆಯಲ್ಲಿ ನಾನು "ಒಂದು ಕಟ್ಟು..." ಅಂದರೆ ಹಿಂದಿನಿಂದ ಅವಳು "ದಂಟಿನ ಸೊಪ್ಪು" ಅನ್ನುತ್ತಿದ್ದಳು. ನೆಂಟರ ಮನೆಯಲ್ಲಿ ನಾನು "ನಾವು ಇನ್ನು..." ಅಂದರೆ ಅವಳು ಆಗಲೇ ಚಪ್ಪಲಿ ಮೆಟ್ಟಿರುತ್ತಿದ್ದಳು. ಇಬ್ಬರೂ ಮದುವೆಯ ಗೋಜಿಗೆ ಹೋಗಲಿಲ್ಲ. ಒಮ್ಮೆ ಒಂದು ಸಂಬಂಧ ಬಂದಾಗ ನಾನು "ನನಗೆ ಇದು..." ಅಂದಿದ್ದೆ. "ಬೇಡವಂತೆ" ಅಂತ ಅಕ್ಕ ಮುಗಿಸಿದಳು. ಸರಿಯಾಗಿಯೇ ಮುಗಿಸಿದಳು.

ಈಗಲೂ ಅಡುಗೆ ಮನೆಯಲ್ಲಿ "ಸಾರಿಗೆ ಸ್ವಲ್ಪ..." ಅಂದು ನಿಲ್ಲಿಸುತ್ತೇನೆ. ಆ ವಾಕ್ಯ ಒಲೆಯ ಮೇಲೆ ಹಾಗೇ ನಿಂತಿರುತ್ತದೆ. ಉಪ್ಪು ಹಾಕಿದೆನೋ ಇಲ್ಲವೋ ಅನ್ನುವುದು ಊಟಕ್ಕೆ ಕೂತ ಮೇಲೆ ಗೊತ್ತಾಗುತ್ತದೆ.

ಕಂಪ್ಯೂಟರ್ ಅಂಗಡಿಗೆ ಬಂದಾಗ ಅದನ್ನು ಕಲಿತವಳು ಅಕ್ಕ. ನಾನು ಟೈಪ್‌ರೈಟರನ್ನೇ ಕುಟ್ಟಿಕೊಂಡು, ಅವಳು ಹೊಡೆದದ್ದರಲ್ಲಿ ತಪ್ಪು ಹುಡುಕಿಕೊಂಡು ಇದ್ದೆ. ಕಂಪ್ಯೂಟರಿನಲ್ಲಿ ಅವಳು ಕಂಡುಕೊಂಡ ದೊಡ್ಡ ಸುಖ ಅಂದರೆ ಮೊಟಕು. ಎರಡಕ್ಷರ ಹೊಡೆದು ಖಾಲಿ ಜಾಗದ ಕೀಲಿ ಒತ್ತಿದರೆ ಸಾಕು, ನಾವು ಮೊದಲೇ ಹೇಳಿಟ್ಟ ಇಡೀ ವಾಕ್ಯ ತಾನಾಗಿ ಬಂದು ಕೂರುತ್ತದೆ. 'ಮೇವಿ' ಅಂದರೆ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ'. 'ಹೆಕೋ' ಅಂದರೆ 'ಹೆಗ್ಗಡದೇವನಕೋಟೆ ತಾಲ್ಲೂಕು, ಮೈಸೂರು ಜಿಲ್ಲೆ'. ಹಳ್ಳಿ, ಹೋಬಳಿ, ಇಲಾಖೆ, ಕಳಕಳಿ, ಪ್ರಾರ್ಥನೆ, ಎಲ್ಲಕ್ಕೂ ಒಂದೊಂದು ಮೊಟಕು. ನನ್ನ ವಾಕ್ಯ ಮುಗಿಸಿ ಮುಗಿಸಿ ರೂಢಿಯಾದವಳು ಯಂತ್ರಕ್ಕೂ ಆ ವಿದ್ಯೆ ಕಲಿಸಿದ್ದಳು, ಅಷ್ಟೆ.

ಮೊಟಕುಗಳ ಕೃಪೆಯಿಂದ ನಮ್ಮ ಅರ್ಜಿ ಸರಾಗವಾಗಿ ಏರಿತು. "ಮಾನ್ಯರೇ" ಆದ ಮೇಲೆ ಜವರಮ್ಮನವರ ಬೇಡಿಕೆ ಕೇಳಿದೆ.

"ಇದ್ಕೆ ಅದೇನೋ ಬತ್ತದಲ್ಲ ಕಣಕ್ಕ, ಕೆಲಸ ಮಾಡ್ತಿರೋವಾಗ್ಲೇ ನಿಂತ್ಕೊಂಡು ದುಂಡಗೆ ಸುತ್ತಕ್ಕೆ ಸುರು ಮಾಡ್ತದೆ."

"ಅಪ್ಡೇಟು," ಅಂದ ಇಮ್ತಿಯಾಜ್.

"ಅದೇಯ. ಬರೋಕ್ ಮುಂಚೆ ಒಂದು ಮಾತು ಏಳ್ಳಿ. ಆನೆನೇ ಆದ್ರೂ ಬರೋಕ್ ಮುಂಚೆ ಬಿದಿರು ಮುರ್ದು ಸದ್ದು ಮಾಡ್ತದೆ. ಹೋದ್ಸಲ ಇದು ಸುತ್ತಿ ಸುತ್ತಿ ನಮ್ಮೂರ ಬಸ್ಸು ಒಂಟೋಯ್ತು."

ಬರೆದೆ. ಒಂದನೆಯ ಬೇಡಿಕೆ. ನಿಂಗೇಗೌಡರು ಮಾತಾಡದೆ ಎರಡೂ ಕೈ ಚಾಚಿ ತೋರಿಸಿದರು. ಹೊಗೆಸೊಪ್ಪು ಮುರಿಯುವ ಕಾಲ. ಅಂಗೈ, ಬೆರಳು ಎಲ್ಲ ಅಂಟು ಮೆತ್ತಿ ಕಪ್ಪಗೆ ಆಗಿತ್ತು. ಆ ಅಂಟು ಸೋಪಿಗೂ ಹೋಗುವುದಿಲ್ಲ, ಸೀಮೆಎಣ್ಣೆಗೂ ಹೋಗುವುದಿಲ್ಲ. ಸೊಪ್ಪಿನ ಕಾಲ ಮುಗಿದ ಮೇಲೆ ತಾನಾಗಿ ಬಿಡಬೇಕು.

"ಎಬ್ಬೆಟ್ಟು ಇಡಿ ಅಂತಾರೆ. ಇಟ್ರೆ ಮಿಸನ್ನು, ನೀನು ನಿಂಗೇಗೌಡ ಅಲ್ಲ ಅಂತದೆ. ಮೂರಾವರ್ತಿ ಇಟ್ಟೆ, ಮೂರಾವರ್ತಿನೂ ಅಲ್ಲ ಅಂತು. ನಮ್ಮೆಂಡ್ರು ಪಕ್ದಲ್ಲೇ ನಿಂತವ್ಳೆ, ಔದು ಅಂತಾವ್ಳೆ. ಮಿಸನ್ನಿನ ಮಾತೇ ಮಾತು."

"ನಿಮ್ಮೆಂಡ್ರು ಸುಳ್ಳೇಳಿರ್ಬೌದು ಬುಡಿ ಗೌಡ್ರೆ," ಅಂದರು ಜವರಮ್ಮ.

"ಬರೀರಿ ಟೈಪಕ್ಕ, ಕೈಲಿ ಅಂಟಿದ್ರೂ ಆಸಾಮಿ ಅವನೇಯ ಅಂತ ಒಪ್ಕೊಬೇಕು. ಜತೆಗೆ ನಮ್ಮ ಪಹಣಿದು ಒಂದು ಜೆರಾಕ್ಸು ಲಗತ್ತಿಸ್ಬುಡಿ, ಯಾವ್ದುಕ್ಕೂ ಇರ್ಲಿ."

ಇಮ್ತಿಯಾಜನ ಬೇಡಿಕೆ ಮೂರನೆಯದು, ಹೊಸ ಆವೃತ್ತಿ ಬಂದಾಗಲೆಲ್ಲ ಹಳೆಯ ಪ್ರಿಂಟರುಗಳನ್ನು ಯಾರೋ ಏನೋ ಅನ್ನುವ ಹಾಗೆ ನೋಡಬಾರದು ಅಂತ. ಹೇಳುವಾಗ ಅವನ ಕೈ, ಬಿಚ್ಚಿಟ್ಟ ಪ್ರಿಂಟರಿನ ಮೇಲೆ ಇತ್ತು. ಅವರ ತಂದೆ ನಮ್ಮ ಶಾಲೆಯ ಟೈಪ್‌ರೈಟರುಗಳಿಗೆ ಎಣ್ಣೆ ಬಿಡಲು ಬರುತ್ತಿದ್ದರು. ಇಮ್ತಿಯಾಜ್ ನಮ್ಮಲ್ಲೇ ಟೈಪಿಂಗ್ ಕಲಿತವನು. ಉಂಗುರದ ಬೆರಳು ಸೋಮಾರಿ ಅಂತ ಅಕ್ಕ ಸ್ಕೇಲಿನಲ್ಲಿ ಅವನ ಬೆರಳ ಗೆಣ್ಣಿಗೆ ತಟ್ಟುತ್ತಿದ್ದಳು. ಈಗ ಅವನಿಗೇ ನಲವತ್ತು. ಅವಳನ್ನು ದೊಡ್ಡಕ್ಕ, ನನ್ನನ್ನು ಚಿಕ್ಕಕ್ಕ ಅನ್ನುವ ರೂಢಿ ಬಿಟ್ಟಿಲ್ಲ.

"ನಿಮ್ದೇನು ಟೈಪಕ್ಕ?" ಕೇಳಿದರು ನಿಂಗೇಗೌಡರು.

ನಾಲ್ಕು ಅಂತ ಅಂಕಿ ಹಾಕಿ, ಚುಕ್ಕೆ ಇಟ್ಟೆ. "ನಂದು..." ಅಂದೆ.

ಮೂವರೂ ಕಾದರು. ಹೊರಗೆ ಯಾವುದೋ ಜೀಪು ಹೋಯಿತು. ನನ್ನ ವಾಕ್ಯವನ್ನು ಯಾರೂ ಮುಗಿಸಲಿಲ್ಲ. ಅಷ್ಟರಲ್ಲಿ ಯಂತ್ರವೇ ಕೀಲಿಮಣೆ ಹಿಡಿದು ನಿಲ್ಲಿಸಿತು. ಇವರಿಂದ, ಇವರಿಗೆ, ಅರಿಕೆ, ಕಳಕಳಿ ಎಲ್ಲ ಸೇರಿ ಆ ಚೌಕ ತುಂಬಿಹೋಗಿತ್ತು, ಇನ್ನೊಂದು ಅಕ್ಷರಕ್ಕೂ ಜಾಗ ಇರಲಿಲ್ಲ. ಹೀಗೆ ಮೂರು ಬೇಡಿಕೆ, ಮುಂದೆ ಏನೂ ಇಲ್ಲದ ಒಂದು ನಾಲ್ಕು, ಇಷ್ಟನ್ನು ಹೊತ್ತು ನಮ್ಮ ಅರ್ಜಿ ಹೋಯಿತು. ಪಹಣಿ ಲಗತ್ತಿಸಲು ಅವಕಾಶ ಇರಲಿಲ್ಲ. ನಿಂಗೇಗೌಡರಿಗೆ ಅಲ್ಲೇ ಅನುಮಾನ ಬಂತು. 'ಧನ್ಯವಾದ' ಅಂತ ಒಂದು ಗೆರೆ ಬಂದು ಚೌಕ ಮುಚ್ಚಿಕೊಂಡಿತು.

"ಇಂಬರಹ ಕೊಟ್ರಾ?" ಅಂದರು ಜವರಮ್ಮ. ಅರ್ಜಿಗೆ ಕಚೇರಿಯವರು ಬರೆದು ಕೊಡುವ ಉತ್ತರಕ್ಕೆ ಹಿಂಬರಹ ಅನ್ನುತ್ತೇವೆ. ಅದಕ್ಕೊಂದು ನಂಬರು ಇರುತ್ತದೆ, ಆ ನಂಬರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನುಷ್ಯರು ವರ್ಷಗಟ್ಟಲೆ ಓಡಾಡುತ್ತಾರೆ.

"ಇಲ್ಲ ಜವರಮ್ಮ. ಧನ್ಯವಾದ ಅಂದ್ರು ಅಷ್ಟೆ."

"ನಂಬರಿಲ್ದಿದ್ರೆ ಅದು ಅರ್ಜಿನೇ ಅಲ್ಲ ಕಣಕ್ಕ," ಅಂದು ಅವರು ಬಸ್ಸಿಗೆ ಎದ್ದರು. ಅಲ್ಲಿಂದ ಮುಂದೆ ಅಂಗಡಿಗೆ ಬಂದಾಗಲೆಲ್ಲ ಆನೆಯ ವಿಷಯಕ್ಕಿಂತ ಮೊದಲು ಕೇಳುತ್ತಿದ್ದದ್ದು, ಇಂಬರಹ ಬಂತಾ ಅಂತ.

ನಾಲ್ಕನೆಯ ಬೇಡಿಕೆ ಏನು ಅನ್ನುವುದನ್ನು ನಿಮಗೆ ಹೇಳಬಹುದು. ಎದುರಿಗೆ ಯಾರೂ ಕೂತು ಕಾಯದಿದ್ದರೆ ನನ್ನ ವಾಕ್ಯಗಳು ಒಮ್ಮೊಮ್ಮೆ ಮುಗಿಯುತ್ತವೆ.

ಅಕ್ಕ ಹೋಗಿ ತಿಂಗಳಾದ ಮೇಲೆ ಅಂಗಡಿಯ ಬಾಗಿಲು ತೆರೆದೆ. ಅವಳ ಕುರ್ಚಿಯಲ್ಲಿ ಕೂತೆ. ಟೈಪ್‌ರೈಟರಿನ ಕೈ ನನ್ನದು, ಕೀಲಿಮಣೆಯನ್ನು ಒನಕೆಯಲ್ಲಿ ಕುಟ್ಟಿದಂತೆ ಕುಟ್ಟುತ್ತಿದ್ದೆ. ಯಾವುದೋ ಎರಡಕ್ಷರ ತಪ್ಪಾಗಿ ಬಿತ್ತು. ಅಳಿಸುವ ಮೊದಲೇ ಅವು ತಮ್ಮಷ್ಟಕ್ಕೆ ಬಿಚ್ಚಿಕೊಂಡು, ಯಾರದೋ ಪಿಂಚಣಿ ಅರ್ಜಿಯ ನಡುವೆ, ಹೀಗೆ ಒಂದು ಸಾಲು ಮೂಡಿತು: 'ಅಷ್ಟು ಜೋರಾಗಿ ಕುಟ್ಟಬೇಡ, ಇದು ಟೈಪ್‌ರೈಟರ್ ಅಲ್ಲ.'

ಪಿಂಚಣಿಯವರು ಬೆಂಚಿನಿಂದ ಎದ್ದು ಬಂದು ನೀರು ಕೊಟ್ಟರು.

ಆಮೇಲೆ ನೆನಪಾಯಿತು. ಕೊನೆಯ ದಿನಗಳಲ್ಲಿ ಅಕ್ಕ ಅಂಗಡಿಗೆ ಬಂದು ಒಂದು ಗಂಟೆ ಕೂತು ಹೋಗುತ್ತಿದ್ದಳು. ಅರ್ಜಿ ಇರಲಿಲ್ಲ, ಜನ ಇರಲಿಲ್ಲ, ಆದರೂ ಏನೋ ಹೊಡೆಯುತ್ತಿದ್ದಳು. ಏನು ಅಂತ ಕೇಳಿದ್ದಕ್ಕೆ, "ನೀನು ಕೂತಾಗ ಗೊತ್ತಾಗತ್ತೆ" ಅಂದಿದ್ದಳು. ನಾನು ತಪ್ಪು ಬೆರಳು ಇಡುವ ಜಾಗಗಳು ಅವಳಿಗೆ ಚೆನ್ನಾಗಿ ಗೊತ್ತಿದ್ದವು. ಅಲ್ಲಲ್ಲೇ ಒಂದೊಂದು ಮಾತು ಹೂತಿಟ್ಟು ಹೋಗಿದ್ದಳು.

ಮೂರು ವರ್ಷದಲ್ಲಿ ಏಳು ಸಿಕ್ಕಿವೆ. 'ಹಸಿವಾದರೆ ಹಸಿವು ಅನ್ನು, ತಲೆನೋವು ಅನ್ನಬೇಡ' ಅನ್ನುವುದು ಒಂದು. 'ಆ ನೀಲಿ ಸೀರೆ ನೀನೇ ಉಡು' ಅನ್ನುವುದು ಇನ್ನೊಂದು. 'ಹನ್ನೊಂದು ಗಂಟೆಯಾಯಿತು, ಎದ್ದು ಕಾಫಿ ಕುಡಿ' ಅನ್ನುವುದಂತೂ ನಿಂಗೇಗೌಡರು ಜಮೀನು ಅಳೆಸಿ ಬೇರೆ ಮಾಡಿಸಲು ಬರೆಸಿದ್ದ ಪೋಡಿ ಅರ್ಜಿಯೊಳಗೆ ಬಿದ್ದು, ನನ್ನ ಕಣ್ಣು ತಪ್ಪಿಸಿಕೊಂಡು ಅವರ ಕೈ ಸೇರಿತ್ತು. ಕಚೇರಿ ಮೆಟ್ಟಿಲ ತನಕ ಓಡಿಹೋಗಿ ಹಿಡಿದೆ. ಅವರು ಓದಿ, "ಇರ್ಲಿ ಬುಡಿ ಟೈಪಕ್ಕ, ಸಾಹೇಬ್ರೂ ಎದ್ದು ಕುಡ್ಕೊಂಡು ಬರ್ಲಿ" ಅಂದರು. ಬೇರೆ ಪ್ರತಿ ತೆಗೆದುಕೊಟ್ಟು ಆ ಹಾಳೆಯನ್ನು ಇಟ್ಟುಕೊಂಡೆ.

ನಾನು ಬೇಕೆಂದೇ ಹುಡುಕುವುದಿಲ್ಲ. ಎರಡೆರಡು ಅಕ್ಷರ ಹೊಡೆಯುತ್ತ ಕೂತರೆ ಒಂದು ವಾರದಲ್ಲಿ ಎಲ್ಲ ಸಿಕ್ಕಿಬಿಡಬಹುದು. ಆದರೆ ಎಲ್ಲ ಸಿಕ್ಕ ಮೇಲೆ? ಇನ್ನೂ ಸಿಗದಿರುವುದು ಒಂದಿದ್ದರೂ ಅಕ್ಕ ನನಗೆ ಹೇಳುವುದು ಏನೋ ಬಾಕಿ ಇದೆ ಅಂತ ಅರ್ಥ. ಹೇಳುವುದು ಬಾಕಿ ಇರುವವರು ಪೂರ್ತಿ ಹೋದವರಲ್ಲ. ಸಂಜೆ ಬೀಗ ಹಾಕುವಾಗ ಈ ಲೆಕ್ಕಾಚಾರ ನನಗೆ ಆಸರೆ. ಆದ್ದರಿಂದ ಮುಂದಿನ ಆವೃತ್ತಿಯವರಲ್ಲಿ ನನ್ನ ಬೇಡಿಕೆ ಇಷ್ಟೇ ಇತ್ತು: ಒಳಗಿರುವುದನ್ನು ಅಳಿಸಬೇಡಿ, ತೆಗೆದು ತೋರಿಸಲೂ ಬೇಡಿ. ಇದನ್ನು ಯಾವ ಇಲಾಖೆಯ ಭಾಷೆಯಲ್ಲಿ ಬರೆಯುವುದು?

ಆವೃತ್ತಿ ಅನ್ನುವ ಮಾತನ್ನು ನಾನು ಕಲಿತದ್ದು ಅಜ್ಜಿಯಿಂದ. "ನಾಲ್ಕಾವರ್ತಿ ಕರೆದೆ, ಒಂದಾವರ್ತಿಯಾದರೂ ಓಗೊಡಬಾರದೇನೇ" ಅನ್ನುತ್ತಿದ್ದರು. ಅವರ ಆವರ್ತಿ ಅಂದರೆ ಹೋದದ್ದು ಮತ್ತೆ ಬರುವುದು, ಭರಣಿ ಮಳೆಯ ಹಾಗೆ, ಗೌರಿ ಬಾಗಿನದ ಹಾಗೆ. ಕಂಪ್ಯೂಟರಿನವರ ಆವೃತ್ತಿಯ ದಾರಿಯೇ ಬೇರೆ. ಅಲ್ಲಿ ಹೊಸತು ಬಂದರೆ ಹಳೆಯದು ಎದ್ದು ಹೋಗಬೇಕು, ಹೋದದ್ದು ಮತ್ತೆ ಬರುವ ಮಾತಿಲ್ಲ.

ಎರಡು ತಿಂಗಳ ಮೇಲೆ ಅದೇ ಜಾಗದಲ್ಲಿ ಇನ್ನೊಂದು ಚೌಕ ಎದ್ದಿತು. ನಮ್ಮ ಅರ್ಜಿಗೆ ಉತ್ತರವೇನೋ ಅಂತ ಆತುರದಿಂದ ಓದಿದೆ. ನಿಮ್ಮಲ್ಲಿರುವ ಆವೃತ್ತಿಯ ಕಾಲ ಮುಗಿಯಿತು, ಇನ್ನು ಮುಂದೆ ಅದಕ್ಕೆ ನಮ್ಮ ಆರೈಕೆ ಇರುವುದಿಲ್ಲ ಅಂತ ಇತ್ತು. ಆರೈಕೆ ಇಲ್ಲದೆಯೂ ನಡೆಸಬಹುದೆಂದು ಹಟ ಹಿಡಿದೆ. ಮಾಗಿ ಚಳಿ ಬರುವ ಹೊತ್ತಿಗೆ ಆನ್‌ಲೈನ್ ಅರ್ಜಿಯ ಪುಟಗಳು ಒಂದೊಂದಾಗಿ ನಮ್ಮ ಯಂತ್ರಕ್ಕೆ ಬಾಗಿಲು ತೆರೆಯುವುದನ್ನು ಬಿಟ್ಟವು. ಬೆಂಚಿನ ಮೇಲೆ ಜನ ಕೂತಿರುತ್ತಿದ್ದರು, ನಾನು ಪರದೆ ನೋಡಿಕೊಂಡು ಕೂತಿರುತ್ತಿದ್ದೆ. ಆಮೇಲೆ ಬೆಂಚೂ ಖಾಲಿಯಾಗತೊಡಗಿತು.

ಇಮ್ತಿಯಾಜ್ ಹೊಸ ಯಂತ್ರ ತಂದು ಪಕ್ಕದಲ್ಲಿ ಇಟ್ಟ. ಹಳೆಯದರಿಂದ ಎಲ್ಲ ಸಾಗಿಸಿದ. ಅರ್ಜಿಗಳು ಬಂದವು, ಪತ್ರಗಳು ಬಂದವು. ಮೊಟಕುಗಳ ಪಟ್ಟಿ ಬಂತು, ಆದರೆ ಹೊಸ ಆವೃತ್ತಿಗೆ ನಮ್ಮ ಹಳೆಯ ಕನ್ನಡ ಅಕ್ಷರಗಳ ಗುರುತು ಹತ್ತಲಿಲ್ಲ. 'ಮೇವಿ' ಹೊಡೆದರೆ ಕೊಕ್ಕೆ, ಸೊನ್ನೆ, ಬಾಣ, ಪ್ರಶ್ನೆಯ ಚಿಹ್ನೆ ಸಾಲಾಗಿ ಬಂದು ನಿಂತವು. ಎರಡು ದಿನ ಏನೇನೋ ಪ್ರಯತ್ನ ಮಾಡಿ ಕೈ ಒರೆಸಿಕೊಂಡ.

"ಬೇರೆ ದಾರಿ ಇಲ್ಲ ಚಿಕ್ಕಕ್ಕ. ಹಳೇದರಲ್ಲಿ ಪಟ್ಟಿ ತೆಗೆದು, ನೋಡ್ಕೊಂಡು, ಒಂದೊಂದೇ ಹೊಸದರಲ್ಲಿ ಹೊಡೀಬೇಕು. ಪಟ್ಟಿ ಪ್ರಿಂಟ್ ಹಾಕಿ ಕೊಡ್ತೀನಿ, ನೀವು ಬಿಡುವಾದಾಗ..."

"ಬೇಡ."

ಅಷ್ಟು ಚಿಕ್ಕದಾಗಿ, ಅಷ್ಟು ಪೂರ್ತಿಯಾಗಿ ನಾನು ಮಾತಾಡಿದ್ದು ಅಪರೂಪ. ಅವನು ತಿರುಗಿ ನೋಡಿದ. ಡ್ರಾಯರಿನಿಂದ ಆ ಕಾಫಿಯ ಸಾಲಿದ್ದ ಅರ್ಜಿಯ ಹಾಳೆ ತೆಗೆದು ಅವನ ಮುಂದಿಟ್ಟೆ. "ಪಟ್ಟಿಯಲ್ಲಿ ಇಂಥವೂ ಇವೆ. ಎಷ್ಟಿವೆಯೋ ಗೊತ್ತಿಲ್ಲ. ನಾನು ಓದಿಬಿಟ್ಟರೆ..." ಅಂದೆ.

ಇಮ್ತಿಯಾಜ್ ಹಾಳೆಯನ್ನು ನೋಡಿದ. ಹನ್ನೊಂದು ಗಂಟೆಯ ಕಾಫಿ ಅವನಿಗೂ ಪರಿಚಯ. ಅಕ್ಕ ಅವನಿಗೂ ಒಂದು ಲೋಟ ಕೊಡುತ್ತಿದ್ದಳು. ಹಾಳೆಯನ್ನು ಮಡಿಸಿ ಮತ್ತೆ ಡ್ರಾಯರಿನೊಳಗೆ ಇಟ್ಟ.

"ಓದಿಬಿಟ್ಟರೆ ಮುಗಿದು ಹೋಗ್ತದೆ," ಅಂದ ಆಮೇಲೆ. "ನೀವು ನೋಡ್ಬೇಡಿ. ನಾನು ಹೊಡೀತೀನಿ."

"ನಿನಗೆ ನಿನ್ನ ಅಂಗಡಿ ಕೆಲಸ ಇ..."

"ಇದೆ. ಎರಡು ದಿನ ಇರ್ಲಿ. ನೀವು ಎಲ್ಲಿಗಾದ್ರೂ ಹೋಗಿ ಬನ್ನಿ. ಇಲ್ಲೇ ಇದ್ರೆ ಬಗ್ಗಿ ನೋಡ್ತೀರಿ, ನಿಮ್ ಬಗ್ಗೆ ನಂಗೊತ್ತು."

ನಮ್ಮ ಮುತ್ತಾತ ಓಲೆಗರಿ ಪ್ರತಿ ಮಾಡುವ ಕೆಲಸ ಮಾಡುತ್ತಿದ್ದರಂತೆ. ಹಳೆಯ ಗರಿ ಪುಡಿಯಾಗುವ ಮೊದಲು ಹೊಸ ಗರಿಗೆ ಇಳಿಸುವುದು. ಅಜ್ಜಿ ಹೇಳುತ್ತಿದ್ದರು, ಪ್ರತಿ ಮಾಡುವವರು ಕೊನೆಯಲ್ಲಿ ತಮ್ಮದೂ ಒಂದು ಸಾಲು ಬರೆಯುತ್ತಿದ್ದರಂತೆ, ಬೆನ್ನು ಬಾಗಿದೆ, ಕಣ್ಣು ಮಂದವಾಗಿದೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಅಂತ. ಬೇರೆಯವರ ಮಾತನ್ನು ಅಷ್ಟು ದಿನ ಕೈಯಲ್ಲಿ ಹೊತ್ತವನಿಗೆ ತಾನೂ ಇಲ್ಲಿದ್ದೆ ಅನ್ನುವ ಆಸೆ ಹುಟ್ಟುವುದು ಸಹಜವೇ.

ಮಿರ್ಲೆಯಲ್ಲಿ ನನ್ನ ಚಿಕ್ಕಮ್ಮನ ಮಗಳಿದ್ದಾಳೆ. ಕೆ.ಆರ್. ನಗರದಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋದೆ. ಒಕ್ಕಣೆ ಮುಗಿದು ಗದ್ದೆಗಳು ಬರಿದಾಗಿದ್ದವು, ಹುಲ್ಲಿನ ಮೆದೆಗಳು ಮಾತ್ರ ಅಲ್ಲಲ್ಲಿ. ಅವಳು ಪ್ರೀತಿಯಿಂದ ಅಕ್ಕಿರೊಟ್ಟಿ ಹಾಕಿದಳು, ಅವರೆಕಾಳು ಹುಳಿ ಮಾಡಿದಳು. ನಾನು "ಇದಕ್ಕೆ ಒಂಚೂರು..." ಅಂದೆ. ಅವಳು ಕಾದಳು. ಪಾಪ, ಮರ್ಯಾದೆಯಿಂದಲೇ ಕಾದಳು. ನಾನು ಮುಗಿಸುವುದಿಲ್ಲ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ತುಪ್ಪ ಬೇಕಿತ್ತು. ಇಲ್ಲದೆಯೇ ತಿಂದೆ. ಮಧ್ಯಾಹ್ನ ಕಾಲುವೆಯ ಏರಿಯ ಮೇಲೆ ಒಬ್ಬಳೇ ನಡೆದೆ. ನೀರು ಬಿಟ್ಟಿರಲಿಲ್ಲ. ಅಂಗಡಿಯಲ್ಲಿ ಇಮ್ತಿಯಾಜ್ ಈಗ ಯಾವ ಸಾಲು ಓದುತ್ತಿರಬಹುದು ಅಂತ ಯೋಚಿಸಿದೆ. ಅಕ್ಕ ನನಗೆ ಅಂತ ಇಟ್ಟ ಮಾತನ್ನು ನನಗಿಂತ ಮೊದಲು ಅವನು ಕೇಳುತ್ತಿದ್ದಾನಲ್ಲ ಅಂತ ಸಣ್ಣ ಹೊಟ್ಟೆಕಿಚ್ಚೂ ಆಯಿತು. ಸುಳ್ಳು ಯಾಕೆ ಹೇಳಲಿ.

ಮೂರನೆಯ ದಿನ ಬಂದೆ. ಇಮ್ತಿಯಾಜನ ಕಣ್ಣು ಕೆಂಪಾಗಿತ್ತು, ಪರದೆ ನೋಡಿ ನೋಡಿ ಅಂದ. ಬೀಗದ ಕೈ ಮೇಜಿನ ಮೇಲಿಟ್ಟ. ಪಟ್ಟಿಯಲ್ಲಿ ಏನಿತ್ತು ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

"ಉಂಗುರದ ಬೆರಳು ಇನ್ನೂ ಸೋಮಾರಿನೇ ಚಿಕ್ಕಕ್ಕ," ಅಂದು ಹೊರಟ.

ಹಳೆಯ ಯಂತ್ರವನ್ನು ಬಟ್ಟೆ ಹೊದಿಸಿ ಅಟ್ಟದ ಮೇಲಿಟ್ಟೆ. ಹೊಸದರಲ್ಲಿ ಕೆಲಸ ಶುರುವಾಯಿತು, ಬೆಂಚಿಗೆ ಜನ ಬಂದರು. ಮೊಟಕುಗಳೆಲ್ಲ ಜಾಗದಲ್ಲಿದ್ದವು. ನಮ್ಮ ಮೂರು ಬೇಡಿಕೆಗಳಲ್ಲಿ ಒಂದನ್ನೂ ಹೊಸ ಆವೃತ್ತಿ ಈಡೇರಿಸಿಲ್ಲ. ಅದು ಈಗಲೂ ಹೇಳದೆ ಕೇಳದೆ ಬಂದು ಸುತ್ತುತ್ತದೆ, ನಿಂಗೇಗೌಡರನ್ನು ಅಲ್ಲ ಅನ್ನುತ್ತದೆ, ಇಮ್ತಿಯಾಜ್ ರಿಪೇರಿ ಮಾಡಿಟ್ಟ ಪ್ರಿಂಟರನ್ನು ನೋಡಿಯೂ ನೋಡದ ಹಾಗೆ ಇರುತ್ತದೆ. ಒಂದು ತಿಂಗಳ ತನಕ ನನಗೆ ಏನೂ ಸಿಗಲಿಲ್ಲ. ಏಳೇ ಇದ್ದವೇನೋ, ಮುಗಿದವೇನೋ ಅಂದುಕೊಂಡೆ. ತಪ್ಪು ಬೆರಳುಗಳೂ ಈಗ ಕಡಿಮೆಯಾಗಿದ್ದವು. ಕೆಲಸ ಕಲಿತದ್ದಕ್ಕೆ ಮೊದಲ ಸಲ ಬೇಸರವಾಯಿತು.

ಹೋದ ಮಂಗಳವಾರ ಜವರಮ್ಮ ಬಂದರು. ಆನೆಗಳು ಈ ಸಲ ಬಾಳೆಗೆ ಬಂದಿದ್ದವು. ಅವರು ಕೊಟ್ಟ ಚೀಟಿಯಲ್ಲಿ ಸರ್ವೆ ನಂಬರ್ ಸಣ್ಣಕ್ಷರದಲ್ಲಿತ್ತು. ನಾನು ಎಡಗೈಯಲ್ಲಿ ಕಾಗದಗಳನ್ನು ತಡಕುತ್ತ, ಡ್ರಾಯರು ಎಳೆಯುತ್ತ, ಬಲಗೈಯಲ್ಲಿ ಪರದೆ ನೋಡದೆ ಏನೋ ಹೊಡೆದೆ. ಎರಡಕ್ಷರ ಬಿಚ್ಚಿಕೊಂಡು ಸಾಲಾಯಿತು. ಮುಖ ಪರದೆಗೆ ಹತ್ತಿರ ತಂದು ಓದಿದೆ.

'ಕನ್ನಡಕ ತಲೆ ಮೇಲಿದೆ ನೋಡು.'

ಕೈ ಎತ್ತಿ ಮುಟ್ಟಿ ನೋಡಿದೆ. ತಲೆಯ ಮೇಲೇ ಇತ್ತು. ಅಕ್ಕ ಇದ್ದಾಗ ನನಗೆ ಕನ್ನಡಕ ಇರಲಿಲ್ಲ. ಓಲೆಗರಿ ಪ್ರತಿ ಮಾಡುವವರು ಕೊನೆಯಲ್ಲಿ ಬರೆಯುತ್ತಿದ್ದ ತಮ್ಮದೇ ಸಾಲು ನೆನಪಾಯಿತು.

"ಏನಕ್ಕ ಅಂಗ್ ಕೂತ್ಕಬುಟ್ಟೆ?" ಅಂದರು ಜವರಮ್ಮ. "ಮತ್ತೆ ಸುತ್ತಕ್ ಸುರು ಮಾಡ್ತಾ?"

"ಇಲ್ಲ ಜವರಮ್ಮ. ನಮ್ಮ ಅರ್ಜಿಗೆ ಹಿಂಬರಹ ಬಂತು."

"ನಂಬರ್ ಹಾಕವ್ರಾ ನೋಡು," ಅಂದರು ಅವರು, ಸೆರಗಿನ ತುದಿಯನ್ನು ಗಂಟಿಗೆ ಸಿದ್ಧ ಮಾಡಿಕೊಳ್ಳುತ್ತ.